ರಾಕಿಟಿಚ್ ಮಾಡಿದ ಎರಡು ಫೋನ್ ಕರೆ

(ನಮ್ಮ ಬಡಾವಣೆಯ ಗ್ರಂಥಾಲಯದ ಮಹಡಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತಿನ ಬರಹ ರೂಪ. ಮತ್ತೆ ಮತ್ತೆ ಬಂದದ್ದನ್ನು ತೆಗೆದಿದ್ದೇನೆ. ಮಾತು ಹಾದಿ ಬಿಟ್ಟು ಹೋದ ಕಡೆ ಮಾತ್ರ ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಭಾನುವಾರ ಹತ್ತೂವರೆಗೆ ಫುಟ್‌ಬಾಲ್ ಮಾತು ಕೇಳಲು ಇಷ್ಟು ಜನ ಬರುತ್ತೀರಿ ಅಂದುಕೊಂಡಿರಲಿಲ್ಲ. ಮುಂದಿನ ಸಾಲಿನಲ್ಲಿ ನೀಲಿ ಜೆರ್ಸಿ ಹಾಕಿಕೊಂಡು ಕೂತಿರುವ ಹುಡುಗರಿಗೆ ನಾನು ಹೇಳುವುದರಲ್ಲಿ ಅರ್ಧ ಆಗಲೇ ಗೊತ್ತಿರುತ್ತದೆ. ಹಿಂದಿನ ಸಾಲಿನ ಹಿರಿಯರು ಗಾಬರಿಯಾಗುವುದು ಬೇಡ. ಆಫ್‌ಸೈಡ್ ಅಂದರೇನು ಅಂತ ಇವತ್ತು ವಿವರಿಸುವುದಿಲ್ಲ, ಈ ಕಥೆಗೆ ಅದು ಬೇಕಾಗಿಯೂ ಇಲ್ಲ.

ಮೊದಲಿಗೆ ನನ್ನದೊಂದು ಮಾತು. ನಾನು ಹುಟ್ಟಿದ್ದು ಕಾಸರಗೋಡಿನ ಹತ್ತಿರ. ಮನೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ, ಅಜ್ಜಿಯ ಹತ್ತಿರ ತುಳು. ಇಲ್ಲಿ 'ನೀವು ಕೇರಳದವರಾ?' ಅಂತ ಕೇಳುತ್ತಾರೆ. ಊರಿಗೆ ಹೋದರೆ 'ನೀನು ಈಗ ಬೆಂಗಳೂರಿನವ' ಅನ್ನುತ್ತಾರೆ. ಸಂತೋಷ್ ಟ್ರೋಫಿಯಲ್ಲಿ ಕೇರಳ–ಕರ್ನಾಟಕ ಎದುರಾದರೆ ನೀನು ಯಾರ ಕಡೆ ಅಂತ ಯಾರಾದರೂ ಕೇಳಿದಾಗ ನಾನು ಚಹಾ ತರಲು ಎದ್ದು ಹೋಗುತ್ತೇನೆ. 2023ರ ಮಾರ್ಚಿನಲ್ಲಿ ರಿಯಾದ್‌ನಲ್ಲಿ ಕರ್ನಾಟಕ 54 ವರ್ಷದ ಮೇಲೆ ಆ ಟ್ರೋಫಿ ಗೆದ್ದಿತಲ್ಲ, ಫೈನಲ್‌ನಲ್ಲಿ ಎದುರಿಗಿದ್ದದ್ದು ಮೇಘಾಲಯ. ನೆಮ್ಮದಿಯಾಗಿ ಕಿರುಚಿದೆ.

ನನ್ನದು ಚಹಾದಲ್ಲಿ ಮುಗಿಯುವ ಫಜೀತಿ. ಹಾಗೆ ಎದ್ದು ಹೋಗಲು ಆಗದ ಒಬ್ಬನ ಕಥೆ ಹೇಳಲು ಬಂದಿದ್ದೇನೆ. ಅವನು ಇವಾನ್ ರಾಕಿಟಿಚ್. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ, ಅಲ್ಲೇ ಬೆಳೆದು, ಅಲ್ಲೇ ಆಟ ಕಲಿತು, ಕ್ರೊಯೇಶಿಯಾ ಪರ 106 ಪಂದ್ಯ ಆಡಿದ ಮಿಡ್‌ಫೀಲ್ಡರ್, ಅಂದರೆ ಮಧ್ಯ ಮೈದಾನದ ಆಟಗಾರ. ಎರಡು ದೇಶದ ಪೌರ. ಅವನು ಇವನು ಅಂತ ಏಕವಚನದಲ್ಲಿ ಕರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಆಟಗಾರರನ್ನು ಬಹುವಚನದಲ್ಲಿ ಕರೆಯುವುದು ಪತ್ರಿಕೆಯವರಿಗೆ ಸರಿ, ಅಭಿಮಾನಿಗಳಿಗೆ ಬಾಯಿ ಬರುವುದಿಲ್ಲ.

ಅವನು ಹುಟ್ಟಿದ ಊರಿನಿಂದಲೇ ಶುರು ಮಾಡೋಣ. ಊರಿನ ಹೆಸರು ರೈನ್‌ಫೆಲ್ಡನ್. ರೈನ್ ನದಿಯ ದಡದಲ್ಲಿದೆ. ನಕ್ಷೆಯಲ್ಲಿ ಹುಡುಕಿದರೆ ಅದೇ ಹೆಸರಿನ ಎರಡು ಊರು ಕಾಣುತ್ತವೆ. ಈ ದಡದ ರೈನ್‌ಫೆಲ್ಡನ್ ಸ್ವಿಟ್ಜರ್ಲೆಂಡ್, ಆ ದಡದ ರೈನ್‌ಫೆಲ್ಡನ್ ಜರ್ಮನಿ, ನಡುವೆ ಒಂದು ಸೇತುವೆ. ನೆಪೋಲಿಯನ್ ಕಾಲದಲ್ಲಿ ಗಡಿ ಎಳೆದಾಗ ನದಿಯೇ ಗೆರೆಯಾಯಿತು. ಎರಡು ದೇಶದಲ್ಲಿ ಹರಡಿಕೊಂಡ ಊರಿನಲ್ಲಿ 1988ರ ಮಾರ್ಚ್ 10ರಂದು ಈ ಹುಡುಗ ಹುಟ್ಟಿದ. ಕಥೆಗಾರನೊಬ್ಬ ಹೀಗೆ ಬರೆದಿದ್ದರೆ 'ಸ್ವಲ್ಪ ಜಾಸ್ತಿಯಾಯಿತು' ಅನ್ನುತ್ತಿದ್ದೆವು.

ಅವನು ಬೆಳೆದದ್ದು ಪಕ್ಕದ ಮೋಲಿನ್ ಎಂಬ ಹಳ್ಳಿಯಲ್ಲಿ. ತಂದೆ ಲೂಕಾ ಕ್ರೊಯೇಶಿಯಾದ ಸ್ಲಾವೋನಿಯಾ ಪ್ರದೇಶದವರು. ತಾಯಿ ಬೋಸ್ನಿಯಾದ ಕ್ರೊಯೇಟ್ ಮನೆತನದವರು. ಒಂದು ವಿಷಯ ಗಮನಿಸಿ. ಅವನು ಹುಟ್ಟಿದಾಗ ಕ್ರೊಯೇಶಿಯಾ ಅಂತ ಸ್ವತಂತ್ರ ದೇಶವೇ ಇರಲಿಲ್ಲ, ಇದ್ದದ್ದು ಯುಗೊಸ್ಲಾವಿಯಾ. 1991ರ ಜೂನ್ 25ರಂದು ಕ್ರೊಯೇಶಿಯಾ ಸ್ವಾತಂತ್ರ್ಯ ಘೋಷಿಸಿಕೊಂಡಿತು, ಯುದ್ಧ ಶುರುವಾಯಿತು, 1995ರ ತನಕ ನಡೆಯಿತು. ಯಾವ ದೇಶಕ್ಕಾಗಿ ಮುಂದೆ 13 ವರ್ಷ ಆಡಿದನೋ ಆ ದೇಶಕ್ಕಿಂತ ಅವನೇ ಮೂರು ವರ್ಷ ದೊಡ್ಡವನು!

ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಮಾತ್ರಕ್ಕೆ ಸ್ವಿಸ್ ಆಗುವುದಿಲ್ಲ. ಅಲ್ಲಿ ಪೌರತ್ವ ಬರುವುದು ರಕ್ತದಿಂದ, ಇಲ್ಲವೇ ಅರ್ಜಿಯಿಂದ. ಅವನ ಬಾಲ್ಯದ ಕಾಲದ ನಿಯಮದಂತೆ ಅರ್ಜಿ ಹಾಕಲು 12 ವರ್ಷದ ವಾಸ ಬೇಕಿತ್ತು, ಒಪ್ಪಿಗೆಗೆ ಊರಿನ ಮಟ್ಟದವರೆಗೆ ಹೋಗಬೇಕಿತ್ತು. ಅಂದರೆ ನಿನ್ನ ನೆರೆಹೊರೆಯವರಿಗೆ ನೀನು ಒಪ್ಪಿಗೆಯಾಗಬೇಕು. ಹಳೆಯ ಪೌರತ್ವ ಬಿಡದೆ ಹೊಸದನ್ನು ಪಡೆಯಲು ಸ್ವಿಟ್ಜರ್ಲೆಂಡ್ ಅವಕಾಶ ಕೊಟ್ಟದ್ದೇ 1992ರಲ್ಲಿ. ಆ ದೇಶದಲ್ಲಿ ಇವತ್ತು ವಾಸಿಸುವ ನಾಲ್ವರಲ್ಲಿ ಒಬ್ಬರು ಸ್ವಿಸ್ ಪೌರರಲ್ಲ. ಕಟ್ಟಡ ಕಟ್ಟುವವರು, ಹೋಟೆಲಿನಲ್ಲಿ ದುಡಿಯುವವರು, ಅವರ ಮಕ್ಕಳು, ಮೊಮ್ಮಕ್ಕಳು. ಸ್ವಿಸ್ ತಂಡದ ಆಟಗಾರರ ಹೆಸರುಗಳನ್ನು ಜೋರಾಗಿ ಓದಿದರೆ ಆ ದೇಶಕ್ಕೆ ಯಾರು ಯಾರು ದುಡಿಯಲು ಬಂದರು ಅಂತ ಗೊತ್ತಾಗುತ್ತದೆ.

ರಾಕಿಟಿಚ್ ಮನೆಯಲ್ಲಿ ಮಾತ್ರ ಗೋಡೆಯೊಳಗೆ ಕ್ರೊಯೇಶಿಯಾ, ಹೊಸ್ತಿಲಾಚೆ ಸ್ವಿಟ್ಜರ್ಲೆಂಡ್. ಕ್ರೊಯೇಶಿಯಾದಿಂದ ಕೆಂಪು–ಬಿಳಿ ಚೌಕಳಿಯ ಜೆರ್ಸಿ ಬಂದರೆ ತಾನೂ ಅಣ್ಣನೂ ಅದನ್ನು ಮೈಮೇಲಿಂದ ತೆಗೆಯುತ್ತಲೇ ಇರಲಿಲ್ಲ ಅಂತ ಅವನೇ ಹೇಳಿಕೊಂಡಿದ್ದಾನೆ. 1998ರಲ್ಲಿ ಕ್ರೊಯೇಶಿಯಾ ಮೊದಲ ಸಲ ವಿಶ್ವಕಪ್ ಆಡಿ, ಕ್ವಾರ್ಟರ್‌ಫೈನಲ್‌ನಲ್ಲಿ ಜರ್ಮನಿಯನ್ನು 3–0ರಿಂದ ಮುಗಿಸಿ, ಮೂರನೇ ಸ್ಥಾನ ಪಡೆಯಿತು. ಡಾವೊರ್ ಶೂಕರ್ 6 ಗೋಲು ಹೊಡೆದು ಚಿನ್ನದ ಬೂಟು ಗೆದ್ದ. ಟಿವಿ ಮುಂದೆ ಕೂತಿದ್ದ ಇವಾನ್‌ಗೆ ಆಗ 10 ವರ್ಷ.

ಆದರೆ ಆಟ ಕಲಿಸಿದ್ದು ಟಿವಿ ಅಲ್ಲ, ಬಾಸೆಲ್. ಹಳ್ಳಿಯ ಕ್ಲಬ್ಬಿನಿಂದ ಎಫ್‌ಸಿ ಬಾಸೆಲ್‌ನ ಕಿರಿಯರ ತಂಡಕ್ಕೆ ಹೋದ. ಹುಲ್ಲುಗಾವಲು, ಕೋಚು, ಬೂಟು, ವೈದ್ಯ, ವಾರಕ್ಕಿಷ್ಟು ತರಬೇತಿ, ಎಲ್ಲವೂ ಸ್ವಿಸ್ ದುಡ್ಡಿನದು. 17, 19, 21 ವರ್ಷದೊಳಗಿನವರ ಸ್ವಿಸ್ ತಂಡಗಳಲ್ಲಿ ಆಡಿದ. 2005ರಲ್ಲಿ 17ರ ಹುಡುಗ ಬಾಸೆಲ್‌ನ ಹಿರಿಯರ ತಂಡಕ್ಕೆ ಇಳಿದ. 2006–07ರಲ್ಲಿ ಲೀಗಿನಲ್ಲಿ 11 ಗೋಲು. ಸ್ವಿಸ್ ಜನ 'ಇವನು ನಮ್ಮ ಮುಂದಿನ ಹತ್ತು ವರ್ಷ' ಅಂತ ಲೆಕ್ಕ ಹಾಕಿದರು. ಲೆಕ್ಕದಲ್ಲಿ ತಪ್ಪಿರಲಿಲ್ಲ.

ಇಲ್ಲೊಂದು ನಿಯಮ ಹೇಳಬೇಕು, ಒಂದು ನಿಮಿಷ ತಾಳ್ಮೆಯಿರಲಿ. ಕಿರಿಯರ ತಂಡದಲ್ಲಿ ಒಂದು ದೇಶಕ್ಕೆ ಆಡಿದವನು ಹಿರಿಯರ ತಂಡದಲ್ಲಿ ಇನ್ನೊಂದು ದೇಶಕ್ಕೆ ಆಡಬಹುದು ಅಂತ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ 2004ರಲ್ಲಿ ದಾರಿ ತೆರೆಯಿತು. ಆದರೆ ಒಂದೇ ಸಲ, ಅದೂ 21 ತುಂಬುವುದರೊಳಗೆ. 2009ರಲ್ಲಿ ಆ ವಯಸ್ಸಿನ ಮಿತಿ ಹೋಯಿತು. 2020ರಲ್ಲಿ ಇನ್ನಷ್ಟು ಸಡಿಲವಾಗಿ, ಹಿರಿಯರ ತಂಡದಲ್ಲಿ 21ರೊಳಗೆ ಮೂರು ಪಂದ್ಯದವರೆಗೆ ಆಡಿದವನೂ ಕೆಲವು ಷರತ್ತಿನ ಮೇಲೆ ಬದಲಾಗಬಹುದು ಅಂತಾಯಿತು. ರಾಕಿಟಿಚ್ ಪ್ರಶ್ನೆ ಎದುರಿಸಿದ್ದು 2007ರಲ್ಲಿ, 19ರ ವಯಸ್ಸಿನಲ್ಲಿ. 'ನೋಡೋಣ' ಅಂತ ಮುಂದೂಡುತ್ತಾ ಕೂರುವ ಹಾಗಿರಲಿಲ್ಲ, ಬಾಗಿಲು ಮುಚ್ಚುವ ಗಂಟೆ ಗೋಡೆಯ ಮೇಲೆಯೇ ಇತ್ತು. ನಮ್ಮ ಮನೆಯ 19ರ ಹುಡುಗರಿಗೆ ಪದವಿಗೆ ಯಾವ ವಿಷಯ ತೆಗೆದುಕೊಳ್ಳಬೇಕು ಅಂತ ಕೇಳಿದರೆ ಮೂರು ವಾರ ಊಟ ಸೇರುವುದಿಲ್ಲ.

ಕ್ರೊಯೇಶಿಯಾದ ಕೋಚ್ ಸ್ಲಾವೆನ್ ಬಿಲಿಚ್ ಬಾಸೆಲ್‌ಗೇ ಬಂದು ಅವನನ್ನು ಕಂಡು ಹೋದ. ಸ್ವಿಸ್ ಕೋಚ್ ಕೋಬಿ ಕೂನ್ ಅಂತೂ ಮನೆಯ ಹಿರಿಯರ ಹಾಗೆ. ರಾಕಿಟಿಚ್ ಆಮೇಲೆ ಹೇಳಿಕೊಂಡ ಕಥೆ ಇದು. ಕೋಣೆಯ ಬಾಗಿಲು ಹಾಕಿಕೊಂಡು ಅವನು ಮೊದಲು ಫೋನ್ ಮಾಡಿದ್ದು ಕೂನ್‌ಗೆ, 'ನಾನು ಕ್ರೊಯೇಶಿಯಾಗೆ ಆಡುತ್ತೇನೆ' ಅಂತ ಹೇಳಲು. ಆಮೇಲೆ ಬಿಲಿಚ್‌ಗೆ. ನನಗೆ ಈ ಕ್ರಮ ಇಷ್ಟ. ಒಳ್ಳೆಯ ಸುದ್ದಿ ಹೇಳಲು ಯಾರಿಗೂ ಅವಸರವಿರುತ್ತದೆ, ಬೇಸರದ ಸುದ್ದಿಯನ್ನು ಮೊದಲು ಹೇಳುವುದಕ್ಕೆ ಮನೆಯಲ್ಲಿ ಕಲಿಸಿರಬೇಕು.

ಬಾಗಿಲಾಚೆ ಅಪ್ಪ ಲೂಕಾ ಶತಪಥ ಹಾಕುತ್ತಿದ್ದರು. ಒಳಗೆ ಏನು ತೀರ್ಮಾನವಾಗುತ್ತಿದೆ ಅಂತ ಅವರಿಗೆ ಗೊತ್ತಿಲ್ಲ. ಮಗ ತನಗೆ ತೋಚಿದಂತೆ ಮಾಡಲಿ ಅಂತ ಹೇಳಿದ್ದರು, ಆ ಮಾತಿಗೆ ಕಟ್ಟುಬಿದ್ದು ಹೊರಗೇ ನಿಂತಿದ್ದರು. ಮಗ ಹೊರಗೆ ಬಂದ. 'ಸ್ವಿಟ್ಜರ್ಲೆಂಡಿಗೇ ಆಡುತ್ತೇನೆ' ಅಂದ. ಅಪ್ಪ 'ಆಯಿತು' ಅಂದರು, ಅಷ್ಟೇ. ಆಗ ಮಗ ನಕ್ಕು, 'ಇಲ್ಲ, ಕ್ರೊಯೇಶಿಯಾ' ಅಂದ. ಅಪ್ಪನ ಕಣ್ಣಲ್ಲಿ ನೀರು ಬಂತು.

ಈ ದೃಶ್ಯವನ್ನು ಎಲ್ಲರೂ ಹೇಳುತ್ತಾರೆ, ಹೇಳಿ ಇಲ್ಲಿಗೆ ನಿಲ್ಲಿಸುತ್ತಾರೆ. ರಕ್ತ ಗೆದ್ದಿತು, ಶುಭಂ. ನನ್ನ ತಕರಾರು ಅಲ್ಲೇ ಇದೆ. ಫೋನ್ ಮಾಡಿದ್ದು ಒಂದು ಸಂಜೆ. ಅದನ್ನು ನಿಭಾಯಿಸಿದ್ದು 13 ವರ್ಷ. ಮದುವೆಯ ವಿಡಿಯೋ ನೋಡಿ ಸಂಸಾರ ಹೇಗಿತ್ತು ಅಂತ ತೀರ್ಮಾನಿಸುವವರ ಹಾಗೆ ನಾವು ಆ ಒಂದು ಸಂಜೆಯ ಬಗ್ಗೆಯೇ ಮಾತಾಡುತ್ತೇವೆ. ಸಂಸಾರ ಹೇಗಿತ್ತು, ಅದು ನೋಡಬೇಕಾದದ್ದು.

2007ರ ಸೆಪ್ಟೆಂಬರಿನಲ್ಲಿ ಜಾಗ್ರೆಬ್‌ನಲ್ಲಿ ಎಸ್ಟೋನಿಯಾ ವಿರುದ್ಧ ಮೊದಲ ಪಂದ್ಯ ಆಡಿದ. ಸ್ವಿಟ್ಜರ್ಲೆಂಡಿನಲ್ಲಿ ಬೈದರು, 'ತಿಂದ ಮನೆಗೆ' ಅನ್ನುವ ಧಾಟಿಯಲ್ಲಿ. ಅಷ್ಟರಲ್ಲಿ ಅವನು ಬಾಸೆಲ್ ಬಿಟ್ಟು ಜರ್ಮನಿಯ ಶಾಲ್ಕೆ ಸೇರಿಯಾಗಿತ್ತು. ಮರುವರ್ಷ, 2008ರಲ್ಲಿ, ಯೂರೋ ಕಪ್. ನಡೆದದ್ದು ಎಲ್ಲಿ? ಆಸ್ಟ್ರಿಯಾ ಮತ್ತು ಸ್ವಿಟ್ಜರ್ಲೆಂಡಿನಲ್ಲಿ. ಹುಟ್ಟಿದ ದೇಶ ಆತಿಥೇಯ, ತಾನು ಅತಿಥಿ ತಂಡದಲ್ಲಿ.

ಗುಂಪಿನ ಹಂತದಲ್ಲಿ ಕ್ರೊಯೇಶಿಯಾ ಜರ್ಮನಿಯನ್ನು 2–1ರಿಂದ ಸೋಲಿಸಿತು. ಎರಡನೇ ಗೋಲು ಹುಟ್ಟಿದ್ದು ರಾಕಿಟಿಚ್‌ನ ಕ್ರಾಸಿನಿಂದ. ಚೆಂಡು ಎದುರಾಳಿಯ ಕಾಲಿಗೆ ತಗುಲಿ, ಕಂಬಕ್ಕೆ ಬಡಿದು, ಓಲಿಚ್ ಮುಂದೆ ಬಿತ್ತು. ಕ್ವಾರ್ಟರ್‌ಫೈನಲ್ ಜೂನ್ 20ರಂದು ವಿಯೆನ್ನಾದಲ್ಲಿ, ಟರ್ಕಿ ವಿರುದ್ಧ. ಈ ಪಂದ್ಯದ ಕೊನೆಯ ಮೂರು ನಿಮಿಷ ನೋಡದವರು ಇವತ್ತು ಮನೆಗೆ ಹೋಗಿ ನೋಡಿ. 90 ನಿಮಿಷ ಗೋಲಿಲ್ಲ. ಹೆಚ್ಚುವರಿ ಆಟವೂ ಮುಗಿಯುತ್ತಾ ಬಂತು. 119ನೇ ನಿಮಿಷದಲ್ಲಿ ಕ್ಲಾಸ್ನಿಚ್ ತಲೆಯಿಂದ ಗೋಲು. ಕ್ರೊಯೇಶಿಯಾದ ಬೆಂಚಿಗೆ ಬೆಂಚೇ ಮೈದಾನದೊಳಗೆ. ಬಿಲಿಚ್ ಓಡುತ್ತಿದ್ದಾನೆ, ಗೆದ್ದಾಯಿತು ಅಂತ. ಟರ್ಕಿಯ ಗೋಲ್‌ಕೀಪರ್ ರುಷ್ಟು ಚೆಂಡನ್ನು ಕಣ್ಣುಮುಚ್ಚಿ ಎಸೆದ ಹಾಗೆ ಮುಂದಕ್ಕೆ ಒದ್ದ. ಸೆಮಿಹ್ ತಿರುಗಿ ಹೊಡೆದ, ಬಲೆಯ ಮೇಲಿನ ಮೂಲೆಗೆ. 120 ನಿಮಿಷದ ಮೇಲಿನ ಎರಡನೇ ನಿಮಿಷ. 1–1. ಇನ್ನು ತಲಾ ಐದು ಪೆನಾಲ್ಟಿ ಒದೆತದ ಶೂಟೌಟ್.

ಗೆದ್ದೆವು ಅಂತ ಕುಣಿದ ಕಾಲು ಪೆನಾಲ್ಟಿಗೆ ಬರುವುದಿಲ್ಲ. ಮೋಡ್ರಿಚ್ ಹೊರಗೆ ಹೊಡೆದ. ಸ್ರ್ನಾ ಗೋಲು. ಮೂರನೆಯವನಾಗಿ 20 ವರ್ಷದ ರಾಕಿಟಿಚ್ ಬಂದ. ಅವನದೂ ಕಂಬದ ಹೊರಗೆ. ಪೆಟ್ರಿಚ್‌ನದನ್ನು ರುಷ್ಟು ತಡೆದ. 3–1, ಮುಗಿಯಿತು.

ನನಗೆ ಈ ಪಟ್ಟಿಯಲ್ಲಿ ಎದ್ದು ಕಾಣುವ ಹೆಸರು ಪೆಟ್ರಿಚ್. ಮ್ಲಾಡೆನ್ ಪೆಟ್ರಿಚ್ ಕೂಡ ಸ್ವಿಟ್ಜರ್ಲೆಂಡಿನಲ್ಲಿ ಬೆಳೆದವನು. ರಾಕಿಟಿಚ್ ಜೊತೆ ಬಾಸೆಲ್‌ನಲ್ಲಿ ಆಡಿದವನು. ಇಬ್ಬರೂ 2007ರ ಅದೇ ಬೇಸಿಗೆಯಲ್ಲಿ ಬಾಸೆಲ್ ಬಿಟ್ಟರು. ಒಬ್ಬ ಶಾಲ್ಕೆಗೆ, ಇನ್ನೊಬ್ಬ ಅದರ ಬದ್ಧವೈರಿ ಡಾರ್ಟ್ಮಂಡ್‌ಗೆ. ಕ್ರೊಯೇಶಿಯಾ ಆ ರಾತ್ರಿ ಕಳೆದುಕೊಂಡ ಮೂರು ಪೆನಾಲ್ಟಿಯಲ್ಲಿ ಎರಡು ಸ್ವಿಟ್ಜರ್ಲೆಂಡಿನಿಂದ ಬಂದ ಹುಡುಗರದು. ಕ್ರೊಯೇಶಿಯಾದಲ್ಲೇ ಹುಟ್ಟಿ ಬೆಳೆದ ಮೋಡ್ರಿಚ್ ತಪ್ಪಿದರೆ ಮೋಡ್ರಿಚ್ ತಪ್ಪಿದ, ಅಷ್ಟೇ. ಅವನು ಯಾವ ದೇಶದವನು ಅಂತ ಯಾರೂ ಕೇಳುವುದಿಲ್ಲ. ಆರಿಸಿಕೊಂಡು ಬಂದವನು ತಪ್ಪಿದರೆ ಅದು ಬೇರೆ ಖಾತೆಗೆ ಬೀಳುತ್ತದೆ. ಯಾರೂ ಬಾಯಿಬಿಟ್ಟು ಹೇಳದಿದ್ದರೂ ತಪ್ಪಿದವನ ತಲೆಯೊಳಗೆ ಆ ಮಾತು ಓಡುತ್ತದೆ. ಬಾಡಿಗೆಮನೆಯಲ್ಲಿ ಗಾಜು ಒಡೆದಾಗ ಆಗುವ ಹಾಗೆ. ಸ್ವಂತ ಮನೆಯಲ್ಲೂ ಗಾಜು ಒಡೆಯುತ್ತದೆ, ಆದರೆ ಆಗ ಯಾರ ಮುಖವನ್ನೂ ನೋಡಬೇಕಾಗಿಲ್ಲ.

ಕ್ಲಬ್ಬಿನ ಬದುಕು ಬೇಗ ಹೇಳುತ್ತೇನೆ. ಶಾಲ್ಕೆಯಲ್ಲಿ ಮೂರೂವರೆ ವರ್ಷ. 2011ರ ಜನವರಿಯಲ್ಲಿ ಸ್ಪೇನಿನ ಸೆವಿಲ್ಲಾಗೆ. ಹೋದ ಮೊದಲ ರಾತ್ರಿ, ಇನ್ನೂ ಸಹಿಯಾಗಿಲ್ಲ, ಹೋಟೆಲಿನ ಬಾರಿನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬಳನ್ನು ನೋಡಿ ಜೊತೆಗಿದ್ದ ಅಣ್ಣನಿಗೆ, 'ನಾನು ಇಲ್ಲೇ ಆಡುತ್ತೇನೆ, ಇವಳನ್ನೇ ಮದುವೆಯಾಗುತ್ತೇನೆ' ಅಂದನಂತೆ. ಅವನಿಗೆ ಆಗ ಸ್ಪ್ಯಾನಿಷ್ ಬರುತ್ತಿರಲಿಲ್ಲ. ತಿಂಗಳುಗಟ್ಟಲೆ ಅಲ್ಲಿಗೇ ಹೋಗಿ ಕಾಫಿ ಕುಡಿದು ಭಾಷೆ ಕಲಿತ. ಮದುವೆಯೂ ಆಯಿತು. ಎರಡು ದೇಶದ ನಡುವೆ ಆರಿಸಲು ಅಷ್ಟು ಒದ್ದಾಡಿದವನು ಮೂರನೇ ದೇಶವನ್ನು ಒಂದು ರಾತ್ರಿಯಲ್ಲಿ ಆರಿಸಿಕೊಂಡ, ಅದಕ್ಕೆ ಯಾವ ಫಿಫಾ ನಿಯಮವೂ ಅಡ್ಡ ಬರಲಿಲ್ಲ.

ಸೆವಿಲ್ಲಾದಲ್ಲಿ ಅವನು ರಾಜ. ನಾಯಕನ ಪಟ್ಟಿ ತೋಳಿನಲ್ಲಿ. 2013–14ರಲ್ಲಿ ಲೀಗಿನಲ್ಲೇ 12 ಗೋಲು. 2014ರ ಮೇನಲ್ಲಿ ಟ್ಯೂರಿನ್‌ನಲ್ಲಿ ಬೆನ್ಫಿಕಾ ವಿರುದ್ಧ ಯೂರೋಪಾ ಲೀಗ್ ಫೈನಲ್, ಪೆನಾಲ್ಟಿಯಲ್ಲಿ ಗೆಲುವು, ಪಂದ್ಯದ ಆಟಗಾರ ಅವನೇ. ಅದೇ ಬೇಸಿಗೆಯಲ್ಲಿ ಬಾರ್ಸಿಲೋನಾ ಕೊಂಡುಕೊಂಡಿತು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಮಿಡ್‌ಫೀಲ್ಡರ್ ಅನ್ನುವವನ ಕಸುಬು ಇಲ್ಲಿ ಕಾಣುತ್ತದೆ. ಸೆವಿಲ್ಲಾದಲ್ಲಿ ಚೆಂಡು ಅವನ ಕಾಲಿನ ಮೂಲಕವೇ ಹೋಗಬೇಕಿತ್ತು. ಬಾರ್ಸಿಲೋನಾದಲ್ಲಿ ಮುಂದೆ ಮೆಸ್ಸಿ, ಸುವಾರೆಜ್, ನೇಮಾರ್. ಆ ಮೂವರು ಸೇರಿ ಆ ಒಂದು ಸೀಸನ್‌ನಲ್ಲಿ ಹೊಡೆದದ್ದು 122 ಗೋಲು. ಅಂಥ ಮೂವರು ಇದ್ದ ಮೇಲೆ ನಾಲ್ಕನೆಯ ಕಲಾವಿದ ಯಾರಿಗೆ ಬೇಕು? ಬೇಕಾದದ್ದು ಮನೆ ನೋಡಿಕೊಳ್ಳುವವನು. ಮೆಸ್ಸಿ ಬಲದಂಚಿನಿಂದ ಮಧ್ಯಕ್ಕೆ ಸರಿಯುತ್ತಾನೆ, ಮತ್ತೆ ರಕ್ಷಣೆಗೆ ಅಂತ ಹಿಂದೆ ಓಡುವುದಿಲ್ಲ, ಓಡಬೇಕು ಅಂತ ಯಾರೂ ಹೇಳುವುದೂ ಇಲ್ಲ. ಅವನ ಹಿಂದಿನಿಂದ ಡಾನಿ ಆಲ್ವೆಸ್ ಬಲಬದಿಯಲ್ಲಿ ಬಾಣದ ಹಾಗೆ ಮೇಲೆ ಹೋಗಿಬಿಡುತ್ತಾನೆ. ಬಲಗಡೆ ಅರ್ಧ ಮೈದಾನ ಖಾಲಿ. ಆ ಖಾಲಿ ಜಾಗ ರಾಕಿಟಿಚ್‌ನದು. ಚೆಂಡು ಇಲ್ಲದಾಗಿನ ಓಟ ಅವನದು. ಟಿವಿಯಲ್ಲಿ ಅದು ಕಾಣುವುದೇ ಇಲ್ಲ, ಏಕೆಂದರೆ ಕ್ಯಾಮೆರಾ ಚೆಂಡಿನ ಹಿಂದೆ. ಮೈದಾನಕ್ಕೆ ಹೋಗಿ ನೋಡಿದವರಿಗೆ ಮಾತ್ರ ಗೊತ್ತಾಗುತ್ತದೆ, ಅವನು ಎಷ್ಟು ಸಲ ಹಿಂದೆ ತಿರುಗಿ ನೋಡಿ ಜಾಗ ಸರಿಪಡಿಸಿಕೊಳ್ಳುತ್ತಾನೆ ಅಂತ. ಮದುವೆಮನೆಯಲ್ಲಿ ಬಡಿಸುವವರ ಹಿಂದೆ ನಿಂತು ಯಾವ ಪಂಕ್ತಿಗೆ ಸಾರು ಬಂದಿಲ್ಲ ಅಂತ ನೋಡುವವನೊಬ್ಬ ಇರುತ್ತಾನಲ್ಲ, ಹಾಗೆ. ಫೋಟೋದಲ್ಲಿ ಅವನಿರುವುದಿಲ್ಲ.

ಒಂದು ಫೋಟೋದಲ್ಲಿ ಇದ್ದಾನೆ. 2015ರ ಜೂನ್ 6, ಬರ್ಲಿನ್, ಚಾಂಪಿಯನ್ಸ್ ಲೀಗ್ ಫೈನಲ್, ಎದುರಾಳಿ ಯುವೆಂಟಸ್. ನಾಲ್ಕನೇ ನಿಮಿಷದಲ್ಲಿ ನೇಮಾರ್‌ನಿಂದ ಇನಿಯೆಸ್ತಾಗೆ, ಇನಿಯೆಸ್ತಾನಿಂದ ಗೋಲಿನೆದುರು ಓಡಿ ಬಂದ ರಾಕಿಟಿಚ್‌ಗೆ. ಒಳಗೆ. 3–1ರಿಂದ ಗೆದ್ದು ಆ ವರ್ಷ ಮೂರೂ ದೊಡ್ಡ ಕಪ್ಪು ಬಾರ್ಸಿಲೋನಾದ್ದು. ಆರು ವರ್ಷದಲ್ಲಿ ಆ ಕ್ಲಬ್ಬಿಗೆ 310 ಪಂದ್ಯ ಆಡಿದ. ಸಾವಿ ಅಂದರೆ ಅವನಿಗಿಂತ ಮೊದಲು ಅಲ್ಲಿ ಮಿಡ್‌ಫೀಲ್ಡ್ ಆಳಿದವನು. 'ಸಾವಿ ಜಾಗಕ್ಕೆ ಇವನಾ?' ಅಂತ ಬಾರ್ಸಿಲೋನಾದ ಅಭಿಮಾನಿಗಳು ಆರೂ ವರ್ಷ ಗೊಣಗಿದರು. ನಾನೂ ಗೊಣಗಿದ್ದೇನೆ, ಸುಳ್ಳು ಯಾಕೆ. ಅವನು ಹೋದ ಮೇಲೆ ಬಲಗಡೆ ಖಾಲಿ ಎಷ್ಟಿದೆ ಅಂತ ಕಂಡಿತು.

ಈಗ 2018, ರಷ್ಯಾ. ಸುಮಾರು 40 ಲಕ್ಷ ಜನರ ದೇಶ ಕ್ರೊಯೇಶಿಯಾ, ನಮ್ಮ ಬೆಂಗಳೂರಿನ ಅರ್ಧವೂ ಇಲ್ಲ. ಅರ್ಜೆಂಟೀನಾವನ್ನು 3–0ರಿಂದ ಹೊಡೆದರು, ಮೂರನೆಯದು ರಾಕಿಟಿಚ್‌ನದು, ಎದುರಿಗಿದ್ದದ್ದು ಕ್ಲಬ್ಬಿನ ಜೊತೆಗಾರ ಮೆಸ್ಸಿ. ಜುಲೈ 1ಕ್ಕೆ ನಿಜ್ನಿ ನೊವ್‌ಗೊರೊಡ್‌ನಲ್ಲಿ ಡೆನ್ಮಾರ್ಕ್. 1–1. 116ನೇ ನಿಮಿಷದಲ್ಲಿ ಕ್ರೊಯೇಶಿಯಾಗೆ ಪೆನಾಲ್ಟಿ ಸಿಕ್ಕಿತು, ಮೋಡ್ರಿಚ್ ಹೊಡೆದ, ಡೆನ್ಮಾರ್ಕಿನ ಗೋಲ್‌ಕೀಪರ್ ಶ್ಮೈಕೆಲ್ ಹಿಡಿದ. ವಿಯೆನ್ನಾವನ್ನು ನೆನಪಿಟ್ಟವರಿಗೆ ಹೊಟ್ಟೆಯೊಳಗೆ ಕಲ್ಲು ಬಿದ್ದ ಹಾಗಾಯಿತು. ಶೂಟೌಟ್. ಕ್ರೊಯೇಶಿಯಾದ ಇಬ್ಬರು ತಪ್ಪಿದರು. ಗೋಲ್‌ಕೀಪರ್ ಸುಬಾಶಿಚ್ ಡೆನ್ಮಾರ್ಕಿನ ಮೂರು ತಡೆದ. 2–2. ಕ್ರೊಯೇಶಿಯಾದ ಐದನೆಯ ಒದೆತ ಬಾಕಿ. ಮಧ್ಯಗೆರೆಯಿಂದ ಒಬ್ಬ ನಡೆದು ಬಂದ. ರಾಕಿಟಿಚ್.

ಶೂಟೌಟ್‌ನಲ್ಲಿ ಐದನೆಯವನಾಗಿ ನಿಲ್ಲುವುದು ಅಂದರೆ ಎಲ್ಲರ ಪಾಪ ಪುಣ್ಯ ಕೂಡಿಸಿ ಕಳೆದು ಉಳಿದದ್ದನ್ನು ಹೊರುವುದು. ಅವನು ಹಾಕಿದ. ಆರು ದಿನದ ಮೇಲೆ ಸೋಚಿಯಲ್ಲಿ ರಷ್ಯಾ, ಮನೆಯಂಗಳದ ಜನರೆದುರು. 2–2, ಮತ್ತೆ ಶೂಟೌಟ್, ಮತ್ತೆ ಐದನೆಯವನು ಅವನೇ, ಮತ್ತೆ ಅವನು ಹಾಕಿದರೆ ಗೆಲುವು. ಹಾಕಿದ. ಒಂದೇ ವಿಶ್ವಕಪ್‌ನಲ್ಲಿ ಎರಡು ಸಲ, ಒಬ್ಬನೇ, ಕೊನೆಯ ಒದೆತ. ಹತ್ತು ವರ್ಷದ ಹಿಂದೆ ಕಂಬದ ಹೊರಗೆ ಹೊಡೆದ ಅದೇ ಬಲಗಾಲು.

ಸೆಮಿಫೈನಲ್ ಇಂಗ್ಲೆಂಡ್ ಜೊತೆ. ಹಿಂದಿನ ರಾತ್ರಿ ತನಗೆ 39 ಡಿಗ್ರಿ ಜ್ವರವಿತ್ತು ಅಂತ ಆಮೇಲೆ ಹೇಳಿದ. ಪಂದ್ಯ ಆಡಿದ್ದು 120 ನಿಮಿಷ. ಫೈನಲ್‌ನಲ್ಲಿ ಫ್ರಾನ್ಸ್ 4–2ರಿಂದ ಗೆದ್ದಿತು, ಆ ಕಥೆ ನಿಮಗೆ ಗೊತ್ತು.

ಗೊತ್ತಿಲ್ಲದ್ದು ಇನ್ನೊಂದಿದೆ. ಅದೇ ಬೇಸಿಗೆಯಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಏನು ನಡೆಯುತ್ತಿತ್ತು ನೋಡಿ. ಸ್ವಿಸ್ ತಂಡ ಸರ್ಬಿಯಾವನ್ನು ಸೋಲಿಸಿದಾಗ ಗೋಲು ಹೊಡೆದ ಗ್ರಾನಿಟ್ ಜಾಕಾ, ಶಾಕಿರಿ ಇಬ್ಬರೂ ಕೈಗಳನ್ನು ಎದೆಯ ಮೇಲೆ ಅಡ್ಡ ಹಿಡಿದು ಹದ್ದಿನ ರೆಕ್ಕೆ ಮಾಡಿ ತೋರಿಸಿದರು. ಅಲ್ಬೇನಿಯಾದ ಬಾವುಟದ ಎರಡು ತಲೆಯ ಹದ್ದು ಅದು. ಇಬ್ಬರ ಮನೆಯವರೂ ಕೊಸೊವೊದಿಂದ ಬಂದವರು, ಅಲ್ಬೇನಿಯನ್ನರೇ ಹೆಚ್ಚಿರುವ, ಸರ್ಬಿಯಾ ಇನ್ನೂ ತನ್ನದೆನ್ನುವ ನಾಡು ಅದು. ಜಾಕಾನ ಅಪ್ಪ ಯುಗೊಸ್ಲಾವಿಯಾದ ಜೈಲಿನಲ್ಲಿ ವರ್ಷಗಟ್ಟಲೆ ಕಳೆದವರು. ಫಿಫಾ ಇಬ್ಬರಿಗೂ 10,000 ಫ್ರಾಂಕ್ ದಂಡ ಹಾಕಿತು. ಸ್ವಿಟ್ಜರ್ಲೆಂಡಿನಲ್ಲಿ ದೊಡ್ಡ ಚರ್ಚೆ ಎದ್ದಿತು, ಇವರು ಪೂರ್ತಿ ಸ್ವಿಸ್ ಹೌದೋ ಅಲ್ಲವೋ ಅಂತ. ಸ್ವಿಸ್ ಫುಟ್‌ಬಾಲ್ ಒಕ್ಕೂಟದ ಪ್ರಧಾನ ಕಾರ್ಯದರ್ಶಿಯೇ, ಎರಡು ಪೌರತ್ವದ ಹುಡುಗರನ್ನು ತರಬೇತಿಗೆ ತೆಗೆದುಕೊಳ್ಳಬೇಕೇ ಅಂತ ಪತ್ರಿಕೆಯಲ್ಲಿ ಪ್ರಶ್ನೆ ಎತ್ತಿದರು. ದೇಶವೆಲ್ಲ ಗದ್ದಲ. ಕೆಲವು ತಿಂಗಳಲ್ಲಿ ಅವರು ಹುದ್ದೆಯಿಂದ ಹೋದರು.

ಅವರ ಮನಸ್ಸಿನಲ್ಲಿ ಇದ್ದದ್ದು ಯಾರು ಅಂತ ಬೇರೆ ಹೇಳಬೇಕೇ? ನಮ್ಮ ದುಡ್ಡಿನಲ್ಲಿ ಬೆಳೆದ ಹುಡುಗ ಅಲ್ಲಿ ಇನ್ನೊಂದು ದೇಶದ ಜೆರ್ಸಿಯಲ್ಲಿ ಪೆನಾಲ್ಟಿ ಹೊಡೆಯುತ್ತಿದ್ದಾನೆ. ಲೆಕ್ಕದ ಪುಸ್ತಕ ತೆಗೆದರೆ ನಷ್ಟ ನಿಜ. ಆದರೆ ಆ ಪುಸ್ತಕದ ಇನ್ನೊಂದು ಪುಟವನ್ನೂ ಓದಬೇಕು. ಅದೇ ಬಾಸೆಲ್, ಅದೇ ವ್ಯವಸ್ಥೆ, ಅದೇ ರೀತಿಯ ಮನೆಯಿಂದ ಬಂದ ಗ್ರಾನಿಟ್ ಜಾಕಾ ಸ್ವಿಟ್ಜರ್ಲೆಂಡಿಗೆ ಬೇರೆ ಯಾರಿಗಿಂತಲೂ ಹೆಚ್ಚು ಪಂದ್ಯ ಆಡಿದ. ನಾಯಕನಾದ. ಬಾಗಿಲು ಮುಚ್ಚಿದ್ದರೆ ಅವನೂ ಇರುತ್ತಿರಲಿಲ್ಲ.

ಜಾಕಾನಿಗೆ ಒಬ್ಬ ಅಣ್ಣ, ಟೌಲಾಂಟ್. ಅವನೂ ಮಿಡ್‌ಫೀಲ್ಡರ್, ಅವನೂ ಬಾಸೆಲ್. ಕಿರಿಯರ ತಂಡಗಳಲ್ಲಿ ಅವನೂ ಸ್ವಿಸ್. ಆದರೆ 2014ರಲ್ಲಿ, 23ರ ವಯಸ್ಸಿನಲ್ಲಿ, ಅಲ್ಬೇನಿಯಾಗೆ ಹೋದ. ಆಗ 21ರ ಗಡುವು ಹೋಗಿ ಐದು ವರ್ಷವಾಗಿತ್ತು, ಅದಕ್ಕೇ ಸಾಧ್ಯವಾಯಿತು. 2016ರ ಜೂನ್ 11ರಂದು ಫ್ರಾನ್ಸಿನ ಲಾನ್ಸ್ ಊರಿನಲ್ಲಿ ಯೂರೋ ಕಪ್‌ನ ಪಂದ್ಯ, ಸ್ವಿಟ್ಜರ್ಲೆಂಡ್ ಎದುರು ಅಲ್ಬೇನಿಯಾ. ಮಧ್ಯ ಮೈದಾನದಲ್ಲಿ ಅಣ್ಣ ಒಂದು ಕಡೆ, ತಮ್ಮ ಇನ್ನೊಂದು ಕಡೆ. ಗ್ಯಾಲರಿಯಲ್ಲಿ ಅಮ್ಮ. ಅವರು ಹಾಕಿಕೊಂಡಿದ್ದ ಟೀ–ಶರ್ಟ್ ಅರ್ಧ ಸ್ವಿಸ್, ಅರ್ಧ ಅಲ್ಬೇನಿಯಾ, ಮಧ್ಯದಲ್ಲಿ ಸೇರಿಸಿ ಹೊಲಿದ ಹಾಗೆ. ಸ್ವಿಟ್ಜರ್ಲೆಂಡ್ 1–0ರಿಂದ ಗೆದ್ದಿತು. ಆ ತಾಯಿಯ ಹತ್ತಿರ ಯಾರಾದರೂ ಸಂತೋಷ್ ಟ್ರೋಫಿಯ ಪ್ರಶ್ನೆ ಕೇಳಿದ್ದರೆ ಅವರೂ ಚಹಾ ತರಲು ಎದ್ದು ಹೋಗುತ್ತಿದ್ದರು.

ನಮ್ಮಲ್ಲಿ ಇದೆಲ್ಲ ಹೇಗೆ ಅಂತ ಆಯೋಜಕರು ಚೀಟಿ ಕಳಿಸಿದ್ದಾರೆ. ನಮ್ಮಲ್ಲಿ ಈ ಗೊಂದಲವೇ ಇಲ್ಲ, ಏಕೆಂದರೆ ಎರಡು ಪೌರತ್ವವೇ ಇಲ್ಲ. 1955ರ ಪೌರತ್ವ ಕಾಯ್ದೆಯಂತೆ ಇನ್ನೊಂದು ದೇಶದ ಪೌರನಾದ ಕ್ಷಣ ಭಾರತದ್ದು ಹೋಗುತ್ತದೆ. ವಿದೇಶಿ ಪೌರರಾದ ಭಾರತೀಯ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೆ ವೀಸಾ ಇಲ್ಲದೆ ಬಂದು ಹೋಗಬಹುದು, ಮನೆ ಕೊಳ್ಳಬಹುದು. ಮತ ಹಾಕುವಂತಿಲ್ಲ, ಭಾರತದ ಜೆರ್ಸಿ ತೊಡುವಂತಿಲ್ಲ. ಜಪಾನಿನಲ್ಲಿ ಹುಟ್ಟಿದ ಇಝುಮಿ ಅರಾಟಾ ಎಂಬ ಮಿಡ್‌ಫೀಲ್ಡರ್, ತಂದೆ ಗುಜರಾತಿ ಮೂಲದವರು, ಜಪಾನಿನ ಪೌರತ್ವ ಬಿಟ್ಟ ಮೇಲೆಯೇ 2013ರಲ್ಲಿ ಭಾರತಕ್ಕೆ ಆಡಲು ಆದದ್ದು. ನಮ್ಮ ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್, ತಾಯಿಯ ಕಡೆ ಮುಂಬೈ ನಂಟಿರುವ ಆಸ್ಟ್ರೇಲಿಯಾದವನು, 2025ರಲ್ಲಿ ಅಲ್ಲಿನ ಪೌರತ್ವ ಬಿಟ್ಟುಕೊಟ್ಟು ಭಾರತದ ಪಾಸ್‌ಪೋರ್ಟ್ ಪಡೆದ. ರಾಕಿಟಿಚ್ ಎರಡು ಪಾಸ್‌ಪೋರ್ಟನ್ನೂ ಇಟ್ಟುಕೊಂಡು ಒಂದು ಜೆರ್ಸಿ ಆರಿಸಿದ. ಇವರು ಜೆರ್ಸಿಗಾಗಿ ಪಾಸ್‌ಪೋರ್ಟನ್ನೇ ಒಪ್ಪಿಸಿದರು. ಕಾನೂನು ಬದಲಾಗಬೇಕೋ ಬೇಡವೋ ಅನ್ನುವುದಕ್ಕೆ ಫುಟ್‌ಬಾಲ್ ಒಂದೇ ಕಾರಣ ಸಾಲದು. ಆದರೆ ವಿಲಿಯಮ್ಸ್ ಮುಂದಿನ ಸಲ ಒಂದು ಸುಲಭದ ಗೋಲು ತಪ್ಪಿಸಿದಾಗ ಕಂಠೀರವದಲ್ಲಿ ಕೂತು ಏನು ಕೂಗುತ್ತೀರಿ ಅನ್ನುವುದು ನಿಮ್ಮ ಕೈಯಲ್ಲಿದೆ, ನೀಲಿ ಜೆರ್ಸಿಯವರೇ.

ರಾಕಿಟಿಚ್ 2020ರಲ್ಲಿ ಕ್ರೊಯೇಶಿಯಾ ತಂಡಕ್ಕೆ ವಿದಾಯ ಹೇಳಿದ. ಅದೇ ವರ್ಷ ಮತ್ತೆ ಸೆವಿಲ್ಲಾಗೆ ಹೋದ. 2023ರಲ್ಲಿ ಬುಡಾಪೆಸ್ಟ್‌ನಲ್ಲಿ ರೋಮಾ ವಿರುದ್ಧ ಯೂರೋಪಾ ಲೀಗ್ ಫೈನಲ್, ಮತ್ತೆ ಶೂಟೌಟ್, ಅವನ ಪೆನಾಲ್ಟಿ ಮತ್ತೆ ಒಳಗೆ. ಸೌದಿ ಅರೇಬಿಯಾದಲ್ಲಿ ಕೆಲವು ತಿಂಗಳು. ಆಮೇಲೆ, 2024ರಲ್ಲಿ, 36ನೇ ವಯಸ್ಸಿನಲ್ಲಿ, ಕ್ರೊಯೇಶಿಯಾದ ಕಡಲತೀರದ ಸ್ಪ್ಲಿಟ್ ನಗರದ ಹಾಯ್ದುಕ್ ಕ್ಲಬ್ ಸೇರಿದ.

ಯೋಚನೆ ಮಾಡಿ. ಆ ದೇಶಕ್ಕೆ 106 ಪಂದ್ಯ ಆಡಿದವನು, 15 ಗೋಲು ಹೊಡೆದವನು, ಅಲ್ಲಿಯವರೆಗೆ ಆ ದೇಶದ ಒಂದು ಕ್ಲಬ್ಬಿನಲ್ಲೂ ಆಡಿರಲಿಲ್ಲ! ಅಲ್ಲಿ ವಾಸವೂ ಇರಲಿಲ್ಲ. ಬಾಸೆಲ್, ಶಾಲ್ಕೆಯ ಊರು ಗೆಲ್ಸೆನ್‌ಕಿರ್ಶನ್, ಸೆವಿಲ್ಲಾ, ಬಾರ್ಸಿಲೋನಾ, ಎಲ್ಲಿಂದಲೋ ವಿಮಾನ ಹತ್ತಿ ಬಂದು, ಪಂದ್ಯ ಆಡಿ, ಹೋಗುತ್ತಿದ್ದ. ಮೊದಲ ಸಲ ಅಲ್ಲಿ ಮನೆ ಮಾಡಿ, ಅಲ್ಲಿನ ಅಂಗಡಿಯಲ್ಲಿ ಬ್ರೆಡ್ ಕೊಂಡು, ಅಲ್ಲಿನ ಲೀಗಿನ ಸಣ್ಣ ಮೈದಾನಗಳಲ್ಲಿ ಆಡಿದ. ಹಾಯ್ದುಕ್ 2005ರ ನಂತರ ಲೀಗ್ ಗೆದ್ದಿಲ್ಲ, ಇವನು ಬಂದ ವರ್ಷವೂ ಗೆಲ್ಲಲಿಲ್ಲ, ಮೂರನೇ ಸ್ಥಾನ. 2025ರ ಜುಲೈನಲ್ಲಿ ಬೂಟು ಕಳಚಿದ.

ಇಷ್ಟು ಹೇಳಿ ಮುಗಿಸಿದೆ. ಪ್ರಶ್ನೆಗಳಿದ್ದರೆ ಕೇಳಿ ಅಂದಾಗ ಮುಂದಿನ ಸಾಲಿನ ಒಬ್ಬ ಹುಡುಗ ಕೈ ಎತ್ತಿದ. 'ಸರ್, ಕೋಬಿ ಕೂನ್ ಫೋನಿನಲ್ಲಿ ಏನಂದ್ರು?'

ಉಪನ್ಯಾಸಕ್ಕೆ ಅಂತ ವಾರಗಟ್ಟಲೆ ಓದಿದ್ದೇನೆ, ಅಪ್ಪನ ಕಣ್ಣೀರಿನ ತನಕ ಟಿಪ್ಪಣಿ ಮಾಡಿಕೊಂಡಿದ್ದೇನೆ. ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಹಿಂದಿನ ಸಾಲಿನಿಂದ ಹಿರಿಯರೊಬ್ಬರು ನನ್ನ ಬದಲಿಗೆ ಉತ್ತರ ಕೊಟ್ಟರು. 'ಏನನ್ನುತ್ತಾರಪ್ಪ, ಚೆನ್ನಾಗಿ ಆಡು ಅಂದಿರುತ್ತಾರೆ.' ಹುಡುಗ ತಲೆಯಾಡಿಸಿ ಕೂತ. ಅಷ್ಟರಲ್ಲಿ ಕೆಳಗಿನಿಂದ ಕಾಫಿ ಬಂತು.